ಹೊತ್ತು ಮುಳುಗಿದ ಮೇಲಿನ ಸಾಕ್ಷಿ

ಚಿಕ್ಕೋಡಿ
೪ ಮಾರ್ಚ್ ೨೦೨೫

ಮಗಳು ಬ್ರಾಹ್ಮಿಗೆ ಅಪ್ಪನ ಆಶೀರ್ವಾದ, ಜೈ ಜಿನೇಂದ್ರ.

ನಾವೆಲ್ಲ ಆರಾಮ ಇದ್ದೇವೆ. ತಡವಾಗಿ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ನೀನು ಕಳಿಸಿದ ತೀರ್ಪನ್ನು ಪೂರ್ತಿ ಓದದೆ ಪೆನ್ನು ಹಿಡಿಯಬಾರದೆಂದು ಹಟ ಮಾಡಿದೆ. ನಿಮ್ಮ ಕೆನಡಾದ ನ್ಯಾಯಮಂಡಳಿಯವರು ಎಷ್ಟು ಉದ್ದ ಬರೆಯುತ್ತಾರಮ್ಮ! ಚಿಕ್ಕೋಡಿ ಕೋರ್ಟಿನಲ್ಲಿ ಜೀವಮಾನವೆಲ್ಲ ವಾದಿಸಿದರೂ ನನ್ನ ಒಂದು ಕೇಸಿಗೂ ಇಷ್ಟು ಪುಟ ಸಿಗಲಿಲ್ಲ. ಹೊಟ್ಟೆಕಿಚ್ಚಾಯಿತು. ಫೋನಿನಲ್ಲೇ ಹೇಳಬಹುದಿತ್ತು ನಿಜ, ಆದರೆ ಫೋನಿನಲ್ಲಿ ನೀನು ನನಗೆ ಮಾತಾಡಲು ಎಲ್ಲಿ ಬಿಡುತ್ತೀ?

ತೀರ್ಪು ಬಂದ ಮರುದಿನವೇ ಏಕಸಂಬಿಯಿಂದ ರಾಜಮತಿ ಪೇಢೆ ಡಬ್ಬಿ ಹಿಡಿದು ಬಂದಳು. ಕೆನಡಾದಲ್ಲಿರುವ ಮಗ ಸಮ್ಮೇದನ ಕೆಲಸ ಹೋದಾಗಿನಿಂದ ಆಕೆ ಮಂದಿಯ ಎದುರು ತಲೆ ಎತ್ತುತ್ತಿರಲಿಲ್ಲ. ನಮ್ಮ ಜೈನರ ನೇಮದಂತೆ ಹೊತ್ತು ಮುಳುಗುವುದರೊಳಗೆ ಉಣ್ಣಲು ಹುಡುಗ ಗೋದಾಮಿನ ಕೆಲಸದ ನಡುವೆ ಎದ್ದು ಹೋಗುತ್ತಾನೆಂದು ಹೊರಹಾಕಿದ್ದರು. ಅಲ್ಲಿ ಚಳಿಗಾಲದಲ್ಲಿ ಐದಕ್ಕೇ ಕತ್ತಲು, ಅವರ ಊಟದ ಬಿಡುವು ಆರಕ್ಕೆ. ಕೆಲಸವಿಲ್ಲದಿದ್ದರೆ ವೀಸಾ ಇಲ್ಲ, ವೀಸಾ ಇಲ್ಲದಿದ್ದರೆ ಊರಿಗೆ ವಾಪಸ್ಸು. “ನಾಕ ತುತ್ತ ಕತ್ತಲಾಗ ಉಂಡಿದ್ರ ಏನಾಗತಿತ್ತು?” ಎಂದವರು ನಮ್ಮ ಬಸದಿಯಲ್ಲೇ ಇದ್ದರು. ಈಗ ಅವರೇ ಪೇಢೆಗೆ ಕೈ ಚಾಚುತ್ತಿದ್ದಾರೆ. ಅವರಲ್ಲಿ ಒಬ್ಬರಿಗೂ ನಾನು ಎರಡನೆಯದು ಕೊಡಲಿಲ್ಲ.

“ವಕೀಲ್ರ, ನಿಮ್ಮ ಮಗಳು ನನ್ನ ಮಗನ ಅನ್ನಾನೂ ಉಳಸಿದ್ಲು, ನೇಮಾನೂ ಉಳಸಿದ್ಲರಿ” ಎಂದು ರಾಜಮತಿ ಅತ್ತಳು. ನನಗೂ ಕಣ್ಣು ತುಂಬಿತು.

ಆ ವಿಡಿಯೋ ವಿಚಾರಣೆ ಪರದೆಯ ಆ ಕಡೆಯಿಂದ ನಿನಗೆ ಅರ್ಧ ಮಾತ್ರ ಕಂಡಿರಬೇಕು. ಇದು ನಮ್ಮಲ್ಲಿ ನಡೆದುಬಂದ ನೇಮ, ಹುಡುಗನ ಶೋಕಿಯಲ್ಲ ಎಂದು ಹೇಳಲು ನೀನು ನಿನ್ನ ಆಯಿಯನ್ನೇ, ನನ್ನ ಅವ್ವನನ್ನೇ, ಸಾಕ್ಷಿಗೆ ಕರೆದಾಗ ನನಗೆ ಚಿಂತೆ ಹತ್ತಿತ್ತು. ವಾರವಿಡೀ ಕೂರಿಸಿಕೊಂಡು ಪಾಠ ಹೇಳಿದೆ. “ನೀ ನನಗ ಕಲಸಬ್ಯಾಡ ಭೀಮಾ, ನಿನಗ ಮಾತ ಕಲಿಸಿದಾಕಿ ನಾ” ಎಂದು ಬೈಸಿಕೊಂಡೆ.

ನಿಮಗೆ ಮುಂಜಾನೆ, ನಮಗೆ ದೀಪ ಹಚ್ಚಿದ ಮೇಲಿನ ಹೊತ್ತು. ಎದುರು ಪಕ್ಷದ ವಕೀಲ ಅದೇ ಪ್ರಶ್ನೆಯನ್ನು ತಿರುವಿ ತಿರುವಿ ಕೇಳಿದ. ದುಭಾಷಿಗೆ ಉತ್ತರ ಹೇಳಿ ಹೇಳಿ ಅವ್ವನ ಗಂಟಲು ಒಣಗಿ ಕೆಮ್ಮು ಹತ್ತಿತು. ನ್ಯಾಯಮಂಡಳಿಯ ಆ ಹೆಣ್ಣುಮಗಳು ಸ್ವಲ್ಪ ನೀರು ಕುಡಿಯಿರಿ, ಆಮೇಲೆ ಮುಂದುವರಿಸೋಣ ಎಂದಳು. ಗಾಬರಿಯಲ್ಲಿ ನಾನೇ ಲೋಟ ಮುಂದೆ ಹಿಡಿದುಬಿಟ್ಟೆ! ಅವ್ವ ನನ್ನ ಕೈ ಸರಿಸಿದಳು.

“ಇಲ್ಲಿ ಹೊತ್ತ ಮುಳುಗೇತ್ರಿ. ನಾಳಿ ಮುಂಜಾನೆ ಕುಡೀತೀನಿ. ನೀವು ಕೇಳ್ರಿ.”

ಒಂದು ಗುಟುಕು ಕುಡಿದರೆ ನಿಮ್ಮನ್ನು ಯಾರು ತಡೆಯುತ್ತಾರೆ ಎಂದ ಆ ವಕೀಲ.

“ಯಾರೂ ಬ್ಯಾಡ ಅಂದಿಲ್ರಿ. ನನಗ ನಾನ ಬ್ಯಾಡ ಅಂದೇನಿ.”

ಆ ವಕೀಲ ತನ್ನ ಕಾಗದಗಳನ್ನು ಮಡಚಿಟ್ಟ. ತೀರ್ಪಿನಲ್ಲಿ ಆ ನೀರಿನ ಲೋಟದ ಮಾತು ಬಂದ ಕಡೆ ನಾನು ಕೆಂಪು ಗೆರೆ ಎಳೆದಿದ್ದೇನೆ. ಸಮ್ಮೇದ ಮತ್ತೆ ಕೆಲಸಕ್ಕೆ, ಚಳಿಗಾಲದಲ್ಲಿ ಅವನ ಬಿಡುವು ಬೆಳಕಿದ್ದಾಗಲೇ. ಇನ್ನೇನು ಬೇಕು ನಮಗೆ!

ನಮ್ಮ ವಕೀಲರ ಕೋಣೆಯಲ್ಲಂತೂ ಜಾತ್ರೆ. ನಿಪ್ಪಾಣಿಯ ಆಬಾಸಾಹೇಬ ನನ್ನನ್ನು ಅಪ್ಪಿಕೊಂಡು “ಪೋರೀನಂ ಮೈದಾನ ಮಾರಲಂ, ವಕೀಲಸಾಹೇಬ!” ಎಂದು ಕೂಗಿದ; ಹುಡುಗಿ ಕಣ ಗೆದ್ದಳಂತೆ. ಕೆನಡಾದ ಕಾನೂನಿನ ಮೇಲೆ ನಾಲ್ಕು ಮಾತಾಡು ಎಂದು ಎಲ್ಲರೂ ದುಂಬಾಲು ಬಿದ್ದರು. ಕೇಸು ನಾನೇ ನಡೆಸಿದವನ ಹಾಗೆ ಒಂದು ತಾಸು ಮಾತಾಡಿದೆ. ಯಾರೂ ಅಡ್ಡ ಪ್ರಶ್ನೆ ಕೇಳಲಿಲ್ಲ, ಪುಣ್ಯ.

ಕರಿ ಕೋಟು ನಿನ್ನ ಮೈಗೆ ಚಂದ ಒಪ್ಪಿದೆ ಮಗಳೇ. ನಿನ್ನ ಮಾತಿಗೆ ಇದೇ ಬಲ ಇರಲಿ, ಮೈಯಲ್ಲಿ ಆರೋಗ್ಯವಿರಲಿ.

ನಿನ್ನ ಅಪ್ಪ,
ಭೀಮಗೊಂಡ

ತಾ.ಕ.: ಗೆದ್ದ ಸುದ್ದಿ ಹೇಳಲು ನೀನು ವಿಡಿಯೋ ಕಾಲ್ ಮಾಡಿದಾಗ ನಮಗೆ ಬೆಳಗಾಗಿತ್ತು. ನಿನ್ನ ಹಿಂದಿನ ಕಿಟಕಿ ಕಪ್ಪಗಿತ್ತು, ಬಾಯಲ್ಲಿ ತುತ್ತಿತ್ತು. ಆಯಿಯ ಮುಖ ಕಂಡದ್ದೇ ನೀನು ತಾಟನ್ನು ಪಕ್ಕಕ್ಕೆ ಸರಿಸಿದೆ. ಅಂದು ಹಗಲೆಲ್ಲ ಆಕೆಗೆ ಊಟ ಸೇರಲಿಲ್ಲ. ನನಗೂ ನೋವಾಯಿತು ಬ್ರಾಹ್ಮಿ, ಸುಳ್ಳೇಕೆ ಹೇಳಲಿ. ಈಗ ಬರೆಯುತ್ತಾ ಕುಳಿತಾಗ ಅವ್ವ ಹತ್ತಿರ ಬಂದು ನಿಂತಳು: “ಮಂದಿ ಕೇಸ ನಡಸೂದ್ರಾಗ ಅಕಿಗೆ ಹೊತ್ತ ಎಲ್ಲಿ ಸಿಗಬೇಕು? ಉಣ್ಲಿ. ನನ್ನ ಕಂಡ ತಾಟ ಸರಸಬ್ಯಾಡ ಅಂತ ಬರಿ.”