ಇಸ್ತ್ರಿ ಹಾಕಿದ ಹೂವು

ಭಾನುವಾರ, ೧೩ ಅಕ್ಟೋಬರ್

ಮುದ್ದು ಮಗಳಿಗೆ,

ಹೇಗಿದ್ದೀಯಮ್ಮಾ? ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಒಂದು ವಿಷಯ ತಿಳಿಯುವ ತನಕ ಏನು ಬರೆದರೂ ಸುಳ್ಳು ಬರೆದಂತಾಗುತ್ತಿತ್ತು. ಈಗ ತಿಳಿಯಿತು.

ಹೋದ ಬೇಸಿಗೆಯಲ್ಲಿ ನಿಮ್ಮಮ್ಮನ ಕೆಮ್ಮಿಗೆಂದು ನಾನು ಒಣಗುಡ್ಡದ ಕಾಡಿನಿಂದ ಬೇರು ತಂದು ಕಷಾಯ ಮಾಡಿಕೊಟ್ಟದ್ದು ನಿನಗೆ ಗೊತ್ತು. ನಾಲ್ಕನೇ ದಿನ ಅವಳು ಹೋದಳು. ಡಾಕ್ಟರು ಶ್ವಾಸಕೋಶ ಎಂದರು. ಆದರೆ ನಾನು ಅಗೆದಾಗ ಗಿಡದಲ್ಲಿ ಎಲೆಯಿಲ್ಲ, ಹೂವಿಲ್ಲ, ಒಣ ಕಡ್ಡಿ ಮಾತ್ರ. ಅಲ್ಲಿ ಅಂಥದೇ ಕಡ್ಡಿಯ ವಿಷದ ಗಿಡವೂ ಇದೆಯೆಂದು ಕಟ್ಟಿಗೆ ಕಡಿಯುವವನು ಆಮೇಲೆ ಹೇಳಿದ. ಅಂದಿನಿಂದ ನನಗೆ ಅನ್ನ ಸೇರುತ್ತಿರಲಿಲ್ಲ.

ಪುಣ್ಯಕ್ಕೆ ಅರ್ಧ ಬೇರನ್ನು ಮಣ್ಣಲ್ಲೇ ಬಿಟ್ಟಿದ್ದೆ. ವರ್ಷವರ್ಷವೂ ಬುಡದಿಂದ ಚಿಗುರುವ ಜಾತಿ. ಪಕ್ಕದ ಮರಕ್ಕೆ ಕೆಂಪು ದಾರ ಕಟ್ಟಿ ಕಾದೆ. ಮಳೆ ಬಿದ್ದ ಮೇಲೆ ಎಲೆ ಬಂತು, ಹೋದ ವಾರ ನೀಲಿ ಹೂವೂ ಬಂತು. ಒಂದು ಗೊಂಚಲು ಕಿತ್ತು, ಸುಕ್ಕು ಬೀಳಬಾರದೆಂದು ನಮ್ಮ ಹೊಲಿಗೆ ಅಂಗಡಿಯ ಇಸ್ತ್ರಿಪೆಟ್ಟಿಗೆಯಿಂದ ಚೆನ್ನಾಗಿ ಒತ್ತಿ, ಕಾಲೇಜಿನ ಸಸ್ಯಶಾಸ್ತ್ರದ ಮೇಡಂ ಹತ್ತಿರ ಒಯ್ದು, ಇದರ ಬೇರಿನ ಕಷಾಯ ಕೆಮ್ಮಿಗೆ ಕುಡಿಯಬಹುದೇ ಎಂದಷ್ಟೇ ಕೇಳಿದೆ.

“ಏನ್ರೀ ಟೈಲರ್ ಮಾಸ್ಟ್ರೇ, ಹೂವಿಗೂ ಇಸ್ತ್ರಿನಾ? ಬೆಂದೇ ಹೋಗಿದೆಯಲ್ರೀ! ಹೋಗಿ, ಇನ್ನೊಂದು ತನ್ನಿ. ಬೇರು ಕೀಳಬೇಡಿ ಮತ್ತೆ, ಪಾಪ, ಅದು ಬದುಕಲಿ.”

ಮತ್ತೆ ಗುಡ್ಡ ಹತ್ತಿದೆ. ಉಳಿದಿದ್ದದ್ದು ಒಂದೇ ಗೊಂಚಲು. ಒದ್ದೆ ಬಟ್ಟೆಯಲ್ಲಿ ಸುತ್ತಿ, ಹಸುಗೂಸನ್ನು ಎತ್ತಿಕೊಂಡಂತೆ ತಂದೆ. ಮೇಡಂ ಭೂತಗನ್ನಡಿ ಹಿಡಿದು, ಸೂಜಿಯಿಂದ ಹೂವನ್ನು ಬಿಡಿಸಿದರು.

“ನೋಡಿ, ಎಸಳೆಲ್ಲ ಬುಡದಲ್ಲಿ ಒಂದಕ್ಕೊಂದು ಹೊಲಿದ ಹಾಗಿದೆ. ವಿಷದ್ದಾದ್ರೆ ಬಿಡಿಬಿಡಿ ಇರತ್ತೆ. ಇದರ ಬೇರು ಕಾಸಿ ಕುಡಿದ್ರೆ ಕೆಮ್ಮೂ ಹೋಗಲ್ಲ, ಜೀವಾನೂ ಹೋಗಲ್ಲ.”

“ಖಂಡಿತಾನಾ ಮೇಡಂ?”

“ಅಯ್ಯೋ, ಬರೆದೇ ಕೊಡ್ತೀನಿ ಇರಿ.”

ಬರೆದುಕೊಟ್ಟರು. ಅವರೆದುರೇ ಅತ್ತುಬಿಟ್ಟೆ. ಅವರು ಎದ್ದು ಹೋಗಿ ಕಿಟಕಿ ತೆಗೆದರು. ಆ ಚೀಟಿಯನ್ನು ಇದರ ಜೊತೆ ಇಟ್ಟಿದ್ದೇನೆ. ನಿನ್ನೆ ಎಷ್ಟೋ ದಿನದ ಮೇಲೆ ಎರಡು ಸಲ ಬಡಿಸಿಕೊಂಡು ಉಂಡೆ. ಕೈ ತೊಳೆಯುವಾಗ ಏನೋ ಗುನುಗುತ್ತಿದ್ದೆ, ನನಗೇ ನಾಚಿಕೆಯಾಯಿತು.

ಎಲ್ಲಿದ್ದರೂ ತಣ್ಣಗಿರು, ಮಗಳೇ.

ನಿನ್ನ ಅಪ್ಪ

ವಿ.ಸೂ.: ಹೋದ ಸಲ ಬಂದಾಗ, ನಾನು ಕಾಸಿಕೊಟ್ಟ ಹಾಲನ್ನು ನೀನು ಹಿತ್ತಲಲ್ಲಿ ಚೆಲ್ಲಿದ್ದು ನನಗೆ ಕಾಣಿಸಿತು. ನಿನ್ನ ತಪ್ಪಲ್ಲ ಕಂದಾ. ನನ್ನ ಕೈಯ ಮೇಲೆ ನನಗೇ ನಂಬಿಕೆ ಇರಲಿಲ್ಲ. ಈ ಸಲ ಬಂದಾಗ ಕುಡಿಯುತ್ತೀಯಾ?