ಕಂಬಳಿ ಹೊತ್ತ ಸಮಾಜ

೧೧ ಜನವರಿ ೧೯೩೮, ಮಂಗಳವಾರ. ಮೂಡಿಗೆರೆ

ಇವತ್ತೂ ಜಗಲಿ ಗುಡಿಸಿ ಚಾಪೆ ಹಾಸಿದ್ದು ನಾನೇ. ಹತ್ತು ವರ್ಷದಿಂದ ಮಂಗಳವಾರ ಅಂದರೆ ಇದೇ ಕೆಲಸ. ಮೀಟಿಂಗ್ ಶುರುವಾಗುವ ಮೊದಲೇ ಸರ್ವಮಂಗಳಾ — ವಕೀಲರ ಹೆಂಡತಿ, ನಮ್ಮ ಹೊಸ ಪ್ರೆಸಿಡೆಂಟ್ — ಒಂದು ಕಾಗದ ಕೈಗಿಟ್ಟರು. ಇಪ್ಪತ್ತಮೂರಕ್ಕೆ ಸಖೀ ಸಮಾಜದ ದಶಮಾನೋತ್ಸವ. ಯಾರೋ ದೊಡ್ಡ ಆಫೀಸರ ಹೆಂಡತಿ ಬರುತ್ತಾರಂತೆ. ಸಮಾಜದ ಚರಿತ್ರೆ ನಾನು ಓದಬೇಕಂತೆ. ಮೊದಲ ಸಾಲು: “ಬಡ ಕೂಲಿ ಹೆಂಗಸರ ಸೇವೆಗಾಗಿ ಊರಿನ ಗಣ್ಯ ಮಹಿಳೆಯರು ಸ್ಥಾಪಿಸಿದ...”

ಯಾವ ಗಣ್ಯರಪ್ಪಾ! ಮೊದಲು ನಗು ಬಂತು, ಆಮೇಲೆ ಸಿಟ್ಟು. ಇದನ್ನೆಲ್ಲ ಶುರು ಮಾಡಿದ ಸಿದ್ದಮ್ಮನ ಹೆಸರೇ ಇಲ್ಲ. ಕೇಳಿದೆ. ಅವಳು ಎಸ್ಟೇಟಿನ ಕೂಲಿ ಲೈನಿನವಳು, ಸ್ಟೇಜಿನ ಮೇಲೆ ಚೆನ್ನಾಗಿರುವುದಿಲ್ಲ ಅಂದರು.

೧೨ ಜನವರಿ

ಬೆಳಗಿನಿಂದ ಅದೇ ಯೋಚನೆ. ಆ ಜ್ವರದ ವರ್ಷ... ಅರ್ಧ ಊರು ಮಲಗಿತ್ತು. ಇವರು ಅಂಗಡಿಗೆ ಬಟ್ಟೆ ತರಲು ಚಿಕ್ಕಮಗಳೂರಿಗೆ ಹೋಗಿದ್ದರು. ನನಗೆ ಚಳಿಜ್ವರ. ಅತ್ತೆ ಮನೆಯಲ್ಲಿದ್ದುದನ್ನೆಲ್ಲ ಹೊದಿಸಿದರೂ ಹಲ್ಲು ಕಟಕಟ. ಸಿದ್ದಮ್ಮ ಜಾವಳಿ ಊರಿನ ಎಸ್ಟೇಟಿನಿಂದ, ಮನೆ ಮುಂದಿನ ನಮ್ಮ ಅಂಗಡಿಗೆ ಸೀರೆ ಕೊಳ್ಳಲು ಬಂದವಳು. ಗುರುತಿಲ್ಲ, ಪರಿಚಯವಿಲ್ಲ. ನನ್ನ ನರಳಾಟ ಕೇಳಿ ಒಳಗೆ ನುಗ್ಗಿದಳು. ತನ್ನ ಕಂಬಳಿ ನನ್ನ ಮೇಲೆ ಹಾಕಿ, ನಡುಕ ನಿಲ್ಲುವವರೆಗೂ ಅದುಮಿ ಹಿಡಿದು ಕೂತಳು. ಸಾಲದೆಂದು ಪಕ್ಕದ ಮನೆಯವರನ್ನು ಗದರಿಸಿ ಇನ್ನೆರಡು ತಂದಳು. ಈ ಅವ್ವ ಎದ್ದಮೇಲೆ ತಾವೇ ನಿಮ್ಮ ಮನೆಗೆ ಕಂಬಳಿ ಹೊತ್ತು ತರುತ್ತಾರೆ, ನಿಮಗೂ ಚಳಿ ಬರದೇ ಇರುತ್ತದಾ ಅಂದಳಂತೆ.

ಹಾಗೇ ಆಯಿತು. ಎದ್ದವರು ಮಲಗಿದವರ ಮನೆಗೆ ಕಂಬಳಿ ಹೊರುವುದು, ಗಂಜಿ ಕಾಯಿಸುವುದು. ಪೇಟೆಯಿಂದ ಲೈನಿಗೆ, ಲೈನಿನಿಂದ ಪೇಟೆಗೆ. ಯಾರೂ ತಡೆಯಲಿಲ್ಲ. ಕಂಬಳಿಗೆ ಮೈಲಿಗೆಯಿಲ್ಲವಲ್ಲ! ಅತ್ತೆಯೂ ಒಪ್ಪಿದರು. ಸಿದ್ದಮ್ಮ ಕೂತಿದ್ದ ಜಾಗವನ್ನು ಮಾತ್ರ ಸಗಣಿ ಹಾಕಿ ಸಾರಿಸಿದರು.

ಹೆಸರು, ಮೀಟಿಂಗು, ಪ್ರೆಸಿಡೆಂಟು — ಎಲ್ಲ ಆಮೇಲೆ ಬಂದದ್ದು. ದಾರಿಯುದ್ದಕ್ಕೂ ಎಷ್ಟು ನಗುತ್ತಿದ್ದೆವು ಇಬ್ಬರೂ, ತಲೆಯ ಮೇಲೆ ಕಂಬಳಿ ಹೊತ್ತು. ಜ್ವರದ ಕಾಲ ಮತ್ತೆ ಬರಲಿ ಅಂತ ಯಾರಾದರೂ ಆಸೆಪಡುತ್ತಾರೆಯೇ? ನನಗೆ ಆಸೆಯಾಗುತ್ತದೆ. ಹುಚ್ಚು.

೧೬ ಜನವರಿ, ಭಾನುವಾರ

ಜಾವಳಿಗೆ ಹೋಗಿದ್ದೆ. ಸಿದ್ದಮ್ಮ ಲೈನಿನ ಮುಂದೆ ತಲೆಗೆ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಕೂತಿದ್ದಳು. ಮಂಗಳವಾರಕ್ಕೆ ಬಂದು ಎಷ್ಟೋ ಕಾಲವಾಯಿತು. ಯಾಕೆ ಅಂದರೆ ಮೇಸ್ತ್ರಿ ಬಿಡಲ್ಲ ಅಂದಳು. ಸುಳ್ಳು. ಕೆದಕಿ ಕೆದಕಿ ಕೇಳಿದೆ.

“ನಾ ಕೂತ್ರೆ ಹೊಸ ಅವ್ವದೀರು ಬದೀಗೆ ಸರೀತಾರೆ. ಎಷ್ಟಂತ ಕಾಣದವಳ ಹಂಗೆ ಇರ್ಲಿ ಹೇಳಿ?”

ನಾನು ನೋಡಿಯೇ ಇರಲಿಲ್ಲ. ಉತ್ಸವಕ್ಕೆ ಬಾ, ನನ್ನ ಪಕ್ಕ ಕೂರು ಅಂದೆ. ತನ್ನ ಸೊಂಟ ಕುರ್ಚಿಯಲ್ಲಿ ಹಿಡಿಸುವುದಿಲ್ಲ ಅಂತ ನಕ್ಕಳು. ಬರುತ್ತೇನೆ ಅನ್ನಲಿಲ್ಲ. ಬರಲ್ಲ ಅಂತಲೂ ಅನ್ನಲಿಲ್ಲ.

೨೧ ಜನವರಿ

ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ ಅಂತ ಇವರಿಗೆ ತಿಳಿಸಿದೆ. ನಮ್ಮ ಮನೆಯ ವಿಷಯ ಸಭೆಯಲ್ಲಿ ಯಾಕೆ ಅಂದರು. ವಕೀಲರ ಮನೆಯವರು ಸಮಾಜ ಬಿಟ್ಟರೆ ಉಳಿದವರೂ ಬಿಡುತ್ತಾರೆ, ಆಮೇಲೆ ಖಾಲಿ ಚಾಪೆ ಇಟ್ಟುಕೊಂಡು ಕೂರು ಅಂದರು. ನಿಜ. ಅದೇ ಹೆದರಿಕೆ. ಮಕ್ಕಳಿಲ್ಲದವಳು ನಾನು. ಮಂಗಳವಾರ ಹೋದರೆ ನನಗೆ ಇನ್ನೇನು ಉಳಿಯುತ್ತದೆ?

ಅತ್ತೆ ಒಳಗಿನಿಂದ ಕೇಳುತ್ತಿದ್ದರು.

೨೩ ಜನವರಿ, ಸಂಜೆ

ಹೇಳಿಬಿಟ್ಟೆ. ಕಾಗದ ಮಡಚಿಟ್ಟು ಬಾಯಲ್ಲೇ ಹೇಳಿದೆ.

“ಈ ಸಮಾಜದಲ್ಲಿ ಮೊದಲು ಸೇವೆ ಮಾಡಿಸಿಕೊಂಡವಳು ನಾನು. ಮಾಡಿದವಳು ಅಲ್ಲಿ ಬಾಗಿಲ ಹತ್ತಿರ ನಿಂತಿದ್ದಾಳೆ.”

ಸ್ಕೂಲ್ ಹಾಲಿಗೆ ಹಾಲೇ ತಿರುಗಿ ನೋಡಿತು. ಇಳಿದು ಹೋಗಿ ಸಿದ್ದಮ್ಮನ ಕೈ ಹಿಡಿದು ತಂದು ನನ್ನ ಪಕ್ಕ ಕೂರಿಸಿದೆ. ಬೆವತು ನೀರಾಗಿದ್ದಳು, ಪಾಪ. ಆಫೀಸರ ಹೆಂಡತಿ ಚಪ್ಪಾಳೆ ತಟ್ಟಿದರು — ಕನ್ನಡ ಎಷ್ಟು ತಿಳಿಯಿತೋ. ಸರ್ವಮಂಗಳಾ ತಟ್ಟಲಿಲ್ಲ. ಹೊರಡುವಾಗ, ಇನ್ನು ನಿಮ್ಮ ಸಮಾಜ ನೀವೇ ನಡೆಸಿಕೊಳ್ಳಿ ಅಂದರು.

೨೫ ಜನವರಿ, ಮಂಗಳವಾರ. ಮೂರು ಗಂಟೆ

ಚಾಪೆ ಹಾಸಿದೆ. ಯಾರೂ ಇಲ್ಲ.

ಮೂರೂವರೆ

ಸಿದ್ದಮ್ಮ ಬಂದಳು. ಬೇರೆ ಯಾರೂ ಬರಲಿಲ್ಲ. ಚಾಪೆಯ ತುದಿಯಲ್ಲಿ ಕೂತಿದ್ದಾಳೆ. ಸಮಾಜ ನನ್ನಿಂದ ಒಡೆದುಹೋಯಿತಲ್ಲ ಅಂತ ಕಣ್ಣೊರೆಸಿಕೊಂಡಳು. ಸುಮ್ಮನಿರು ಮಾರಾಯ್ತಿ ಅಂದೆ. ನನಗೂ ಅಳು ಬರುತ್ತಿದೆ. ಅವಳಿಗೆ ಕಾಣದಿರಲಿ ಅಂತ ತಲೆ ತಗ್ಗಿಸಿ ಇದನ್ನು ಗೀಚುತ್ತಿದ್ದೇನೆ.

ನಾಲ್ಕು

ಅತ್ತೆ ಕೋಲೂರಿಕೊಂಡು ಜಗಲಿಗೆ ಬಂದರು. ಇಷ್ಟು ವರ್ಷದಲ್ಲಿ ಮಂಗಳವಾರ ಒಮ್ಮೆಯೂ ಬಂದವರಲ್ಲ. ಸಿದ್ದಮ್ಮ ಗಾಬರಿಯಾಗಿ ಎದ್ದು ಬದಿಗೆ ಸರಿದಳು. ಅತ್ತೆ ಅವಳ ಕಡೆ ಕೈ ಚಾಚಿದರು.

“ಹಿಡ್ಕೋ ಸಿದ್ದಮ್ಮ. ಒಬ್ಳಿಗೇ ಕೆಳಗೆ ಕೂರೋಕಾಗಲ್ಲ ನಂಗೆ. ನಿನ್ ಪಕ್ಕನೇ ಕೂರ್ಸು.”

ಕೂತಿದ್ದಾರೆ. ಮೊಣಕಾಲಿಗೆ ಮೊಣಕಾಲು ತಾಗಿದೆ. ಬರೆದಿದ್ದು ಸಾಕು, ಮೀಟಿಂಗ್ ಶುರು ಮಾಡು ಅಂತ ನನ್ನನ್ನೇ ಗದರುತ್ತಿದ್ದಾರೆ. ಇಕೋ, ಬಂದೆ —