ಬ್ರೆಡ್ಡಿನ ಮೇಲಿನ ಕಲ್ಲು

ಜುಲೈ ೧೪. ಲೋಯ್ಗರ್‌ವಾತ್ನ್, ರಜೆಗೆ ಹಿಡಿದ ಮನೆ.

ಮಗಳು ಸ್ವಾಲಾಗೆ ನಾನು ಹೇಳಿದ್ದು ಸುಳ್ಳೋ ಅಲ್ಲವೋ, ಇನ್ನೂ ತಿಳಿಯುತ್ತಿಲ್ಲ. ನಿನ್ನೆ ಕೆರೆದಂಡೆಯಲ್ಲಿ ನೆಲದೊಳಗಿನ ಬಿಸಿನೀರ ಬುಗ್ಗೆಗೆ ಕುದಿಯುವ ಮರಳಿನಲ್ಲಿ ಹಿಟ್ಟಿನ ಪಾತ್ರೆ ಹೂತು, ಗುರುತಿಗೆ ಕಲ್ಲಿಟ್ಟಿದ್ದೆವು. ಇವತ್ತು ಅಗೆದರೆ ಬ್ರೆಡ್ಡು ಹದವಾಗಿ ಬೆಂದು ಹಬೆಯಾಡುತ್ತಿತ್ತು. ನಾಲ್ಕು ವರ್ಷದ ಸ್ವಾಲಾ ಕುಣಿದಾಡಿಬಿಟ್ಟಳು.

"ಅಮ್ಮಾ, ಅಜ್ಜನ ಮೇಲೂ ಕಲ್ಲಿಟ್ಟಿದೀವಲ್ಲ, ಅಜ್ಜನ್ನ ಯಾವತ್ತು ತೆಗೆಯೋದು?"

ಸರಿಯಾಗಿ ಆಗಲೇ ನನ್ನ ಗಂಡನಿಗೆ ಬೆಣ್ಣೆ ನೆನಪಾಯಿತು. ಓರ್ರಿ ಮೆಲ್ಲಗೆ ಕಾರಿನ ಕಡೆ ಜಾರಿಕೊಂಡ.

"ಇನ್ನೂ ಆಗಿಲ್ಲ ಕಣೇ," ಎಂದುಬಿಟ್ಟೆ. ಏನು ಆಗಿಲ್ಲ? ಅಪ್ಪ ಹೋಗಿ ಐದು ತಿಂಗಳಾಯಿತು.

ಅವಳು ಒಪ್ಪಿಕೊಂಡು, ಅಜ್ಜನಿಗೆಂದು ದೊಡ್ಡ ಚೂರೊಂದನ್ನು ತೆಗೆದಿಟ್ಟಳು.

ಈಗ ಮಲಗಿದ್ದಾಳೆ. ಇಲ್ಲಿನ ಬೇಸಿಗೆ, ರಾತ್ರಿ ಹನ್ನೊಂದಾದರೂ ಕಿಟಕಿಯಲ್ಲಿ ಇನ್ನೂ ಬೆಳಕಿದೆ. ಆ ಚೂರನ್ನು ಎಸೆದು ಬರೋಣವೆಂದು ಎದ್ದವಳು, ಒಣಗದಿರಲೆಂದು ಬಟ್ಟೆ ಮುಚ್ಚಿ ಬಂದೆ.